ಷೆವಿ 350 ಎಂಜಿನ್ ರೀಬಿಲ್ಡ್: ಸಿಲಿಂಡರ್ ಹೆಡ್ ಆಯ್ಕೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಕಮಾರೊ, ನೋವಾ, ಷೆವೆಲ್ ಕೊಂಡು ಎಂಜಿನ್ ಬಿಚ್ಚಿಟ್ಟುಕೊಂಡವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಇಲ್ಲಿ ಹೇಳಿರುವುದೆಲ್ಲ ಷೆವರ್ಲೆ (ಜನರ ಬಾಯಲ್ಲಿ ಷೆವಿ) 350 ಸ್ಮಾಲ್ ಬ್ಲಾಕ್ ಕುರಿತು; 350 ಅಂದರೆ ಘನ ಇಂಚಿನಲ್ಲಿ ಎಂಜಿನ್ ಗಾತ್ರ. 1967ರಲ್ಲಿ ಕಮಾರೊ ಜೊತೆ ಬಂದ ಈ ಎಂಜಿನ್‌ನ ಬೋರ್ (ಸಿಲಿಂಡರಿನ ವ್ಯಾಸ) 4.000 ಇಂಚು, ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) 3.48 ಇಂಚು. 1955ರಲ್ಲಿ 265 ಘನ ಇಂಚಿನೊಂದಿಗೆ ಶುರುವಾದ ಕುಟುಂಬ ಇದು. ಈ ಕುಟುಂಬದಲ್ಲಿ ಒಂದರ ಹೆಡ್ (ಸಿಲಿಂಡರ್‌ಗಳ ಮೇಲೆ ಮುಚ್ಚಳದಂತೆ ಕೂತು ವಾಲ್ವ್ ಹಿಡಿದಿರುವ ಭಾಗ) ಇನ್ನೊಂದಕ್ಕೆ ಬಹುಮಟ್ಟಿಗೆ ಕೂರುತ್ತದೆ. ಕೂರುತ್ತದೆ ಅಂದಮಾತ್ರಕ್ಕೆ ಹೊಂದುತ್ತದೆ ಅಂತಲ್ಲ, ಗೊಂದಲ ಹುಟ್ಟುವುದೇ ಅಲ್ಲಿ. ಅಮೆರಿಕದ ಮೆಷೀನ್ ಶಾಪ್‌ಗಳಲ್ಲಿ ಎಲ್ಲವೂ ಇಂಚಿನ ಲೆಕ್ಕವಾದ್ದರಿಂದ ಇಲ್ಲೂ ಇಂಚನ್ನೇ ಇಟ್ಟುಕೊಂಡಿದ್ದೇವೆ. ಇಂಚಿನ ಸಾವಿರದ ಒಂದು ಭಾಗಕ್ಕೆ ಲೇತಿನವರ ಮಾತಿನಂತೆ ‘ಥೌ’ ಎಂದಿದ್ದೇವೆ.

## ಶುರು ಮಾಡುವ ಮೊದಲು

ಎಂಜಿನ್ ಪೂರ್ತಿ ಬಿಚ್ಚಿದೀವಿ. ಹೆಡ್ ಬದಲಾಯಿಸ್ಲೇಬೇಕಾ, ಹಳೇದೇ ಸಾಲದಾ?

ಬಿರುಕಿಲ್ಲದೆ ಇದ್ದು, ಕಾರು ಮೊದಲಿನ ಹಾಗೇ ಓಡಿದರೆ ಸಾಕು ಅನ್ನುವುದಾದರೆ ಹಳೆಯದೇ ಸಾಕು. ಪವರ್ ಹೆಚ್ಚಬೇಕು ಅನ್ನುವುದಾದರೆ ಹೆಡ್ ಮುಟ್ಟದೆ ಬೇರೆ ದಾರಿ ಇಲ್ಲ. ಕ್ಯಾಮ್ (ವಾಲ್ವ್ ತೆರೆಸುವ ದಂಡ), ಕಾರ್ಬ್ಯುರೇಟರ್, ಹೆಡರ್ (ಹೊಗೆ ಹೊರಹೋಗುವ ಪೈಪು) ಎಲ್ಲ ಬದಲಿಸಿಯೂ ಗಾಳಿ ಹಾಯುವ ಬಾಯಿ ಹಳೆಯದೇ ಉಳಿದರೆ ಹಾಕಿದ ಹಣದ ಅರ್ಧ ಫಲವೂ ಸಿಗುವುದಿಲ್ಲ.

ಹಳೆಯ ಹೆಡ್‌ಗೆ ಖರ್ಚು ಮಾಡುವ ಮುನ್ನ ಒಂದು ಲೆಕ್ಕ ಹಾಕಿ. ಬಿರುಕು ಪರೀಕ್ಷೆ, 16 ಗೈಡ್ (ವಾಲ್ವ್ ಕಾಂಡ ಆಡುವ ತೂತು), 8 ಎಕ್ಸಾಸ್ಟ್ ಸೀಟ್ (ವಾಲ್ವ್ ಕೂರುವ ಜಾಗ), ಸೀಟ್ ಕಟಿಂಗ್, ಹೊಸ ವಾಲ್ವ್, ಸ್ಪ್ರಿಂಗ್, ಸ್ಕ್ರೂ-ಇನ್ ಸ್ಟಡ್, ಮುಖ ಸಾಣೆ, ಎಲ್ಲ ಸೇರಿಸಿ ಕೊಟೇಶನ್ ಬರೆಸಿಕೊಳ್ಳಿ. ಬಹಳ ಸಲ ಈ ಮೊತ್ತ ಹೊಸ ಕಬ್ಬಿಣದ ಹೆಡ್ ಜೋಡಿಯ ಬೆಲೆಯನ್ನು ಮುಟ್ಟುತ್ತದೆ, ಕೆಲವೊಮ್ಮೆ ದಾಟುತ್ತದೆ.

ಯಾವ ಹೆಡ್ ಅಂತ ಕೇಳಿದ್ರೆ ಎಲ್ರೂ ನನ್ನನ್ನೇ ತಿರುಗಿ ಪ್ರಶ್ನೆ ಕೇಳ್ತಾರೆ. ನಾನು ಮೊದಲು ಏನೇನು ತಿಳ್ಕೊಂಡಿರ್ಬೇಕು?

ಆರು ಸಂಗತಿ: ಪಿಸ್ಟನ್ ತಲೆಯ ಆಕಾರ (ಸಪಾಟೋ, ಗುಂಡಿಯೋ, ಉಬ್ಬೋ), ಪಿಸ್ಟನ್ ಮೇಲೆ ಬಂದಾಗ ಬ್ಲಾಕಿನ ಮುಖಕ್ಕಿಂತ ಎಷ್ಟು ಥೌ ಕೆಳಗಿರುತ್ತದೆ, ಕ್ಯಾಮ್‌ನ ಲಿಫ್ಟ್ (ವಾಲ್ವ್ ತೆರೆಯುವ ಎತ್ತರ) ಮತ್ತು 50 ಥೌನಲ್ಲಿ ಅಳೆದ ಡ್ಯುರೇಶನ್ (ತೆರೆದಿರುವ ಅವಧಿ, ಡಿಗ್ರಿಯಲ್ಲಿ), ಗೇರ್‌ಬಾಕ್ಸ್ ಮತ್ತು ಹಿಂದಿನ ಆಕ್ಸಲ್ ಅನುಪಾತ, ಹಾಕುವ ಪೆಟ್ರೋಲ್, ಇಂಟೇಕ್ ಮ್ಯಾನಿಫೋಲ್ಡ್ (ಕಾರ್ಬ್ಯುರೇಟರಿನಿಂದ ಹೆಡ್‌ಗೆ ಗಾಳಿ ಒಯ್ಯುವ ಭಾಗ) ಯಾವುದು. ಇವು ತಿಳಿಯದೆ ‘ಒಳ್ಳೆ ಹೆಡ್ ಯಾವುದು’ ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ. ಹೆಡ್ ಒಂದನ್ನೇ ಕೊಂಡು ತಂದು ಉಳಿದದ್ದನ್ನು ಆಮೇಲೆ ನೋಡಿಕೊಳ್ಳೋಣ ಅನ್ನುವವರು ಕೊನೆಗೆ ಪಿಸ್ಟನ್ನನ್ನೋ ಕ್ಯಾಮನ್ನೋ ಎರಡನೇ ಸಲ ಕೊಳ್ಳುತ್ತಾರೆ.

ಹೆಡ್ ಮೇಲೆ ನಂಬರ್ ಇರತ್ತಂತೆ. ಎಲ್ಲಿ ಹುಡುಕೋದು?

ವಾಲ್ವ್ ಕವರ್ ಬಿಚ್ಚಿ. ರಾಕರ್‌ಗಳ (ವಾಲ್ವ್ ಒತ್ತುವ ತೋಳುಗಳ) ನಡುವೆ ಉಬ್ಬಿದ ಅಂಕಿಗಳಲ್ಲಿ ಎರಕದ ಸಂಖ್ಯೆ ಇರುತ್ತದೆ, ಜನ ಕೊನೆಯ ಮೂರು ಅಂಕಿಯಿಂದಲೇ ಕರೆಯುತ್ತಾರೆ: 3782461 ಅಂದರೆ ‘461’, 3927186 ಅಂದರೆ ‘186’, 333882 ಅಂದರೆ ‘882’. ಪಕ್ಕದಲ್ಲೇ ಎರಕದ ದಿನಾಂಕ ಇರುತ್ತದೆ. ಅದರಲ್ಲಿ ಒಂದು ಇಂಗ್ಲಿಷ್ ಅಕ್ಷರ, ತಾರೀಖು, ವರ್ಷದ ಕೊನೆಯ ಅಂಕಿ. ಎ ಅಂದರೆ ಜನವರಿ, ಎಲ್ ಅಂದರೆ ಡಿಸೆಂಬರ್. ‘ಸಿ 12 8’ ಎಂದಿದ್ದರೆ ಮಾರ್ಚ್ 12, ವರ್ಷ 1968 ಅಥವಾ 1978. ಯಾವ ದಶಕ ಅನ್ನುವುದನ್ನು ಎರಕದ ಸಂಖ್ಯೆಯೇ ಹೇಳುತ್ತದೆ. ಎಣ್ಣೆಯ ಕಪ್ಪು ಕರಗಿಸಿ ಉಜ್ಜಿ ನೋಡಿ; 3 ಮತ್ತು 8 ಮಸಿಯಲ್ಲಿ ಒಂದೇ ಥರ ಕಾಣುತ್ತವೆ. ಎರಡೂ ಕಡೆಯ ಹೆಡ್ ನೋಡಿ. ಐವತ್ತು ವರ್ಷದಲ್ಲಿ ಯಾರೋ ಒಂದನ್ನು ಮಾತ್ರ ಬದಲಿಸಿರುವುದು ಅಪರೂಪವೇನಲ್ಲ.

“ಡಬಲ್ ಹಂಪ್” ಹೆಡ್ ಅಂದ್ರೆ ಏನು? ಎಲ್ರೂ ಅದನ್ನೇ ಹೊಗಳ್ತಾರಲ್ಲ.

ಹೆಡ್‌ನ ತುದಿಯಲ್ಲಿ ಒಂಟೆಯ ಎರಡು ಡುಬ್ಬದಂತೆ ಕಾಣುವ ಗುರುತಿರುವ 1960ರ ದಶಕದ ಎರಕಗಳು: 461, 462, 291, 186, ಇತ್ಯಾದಿ. ಚೇಂಬರ್ (ಮಿಶ್ರಣ ಉರಿಯುವ ಗುಂಡಿ) ಸುಮಾರು 64 ಸಿಸಿ, ಇಂಟೇಕ್ ರನ್ನರ್ (ಗಾಳಿ ಒಳಬರುವ ದಾರಿ) ಸುಮಾರು 160 ಸಿಸಿ. ವಾಲ್ವ್ (ಇಂಟೇಕ್/ಎಕ್ಸಾಸ್ಟ್ ವ್ಯಾಸ) 1.94/1.50 ಇಂಚಿನದಿರಬಹುದು, 2.02/1.60 ಇರಬಹುದು. ಒಂದೇ ಎರಕ ಎರಡೂ ಅಳತೆಯಲ್ಲಿ ಬಂದಿದೆ, ಆದ್ದರಿಂದ ಸಂಖ್ಯೆ ನೋಡಿ ನಂಬದೆ ಕ್ಯಾಲಿಪರ್ ಹಿಡಿದು ಅಳೆಯಿರಿ. 1969ರ 302 ಎಂಜಿನ್‌ನ ಝಡ್/28 ಕಮಾರೊದಲ್ಲಿ ಇದ್ದದ್ದು 186.

ಅಂದಿನ ಮಟ್ಟಕ್ಕೆ ಇವು ಅತ್ಯುತ್ತಮ. ಇಂದಿನ ಮಟ್ಟಕ್ಕೆ ಸಾಧಾರಣ. ಕೊರೆದು ತಿದ್ದದ ಡಬಲ್ ಹಂಪ್ ಹೆಡ್‌ನಲ್ಲಿ ಗಾಳಿಯ ಹರಿವು 200 ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ) ಆಸುಪಾಸು. ಹೆಸರಿಗೆ ದುಡ್ಡು ಕೊಡುವುದಾದರೆ ಕಾರಿನ ಮೂಲರೂಪಕ್ಕಾಗಿ ಕೊಡಿ, ಪವರ್‌ಗಾಗಿ ಬೇಡ. ಇನ್ನೊಂದು ವಿಷಯ: 461, 462, 291ರ ತುದಿಯಲ್ಲಿ ಬ್ರಾಕೆಟ್ ಬಿಗಿಯುವ ತೂತುಗಳಿಲ್ಲ. 1969ರಿಂದ ಈಚಿನ ಕಾರಿನಲ್ಲಿ ಆಲ್ಟರ್ನೇಟರ್, ಪವರ್ ಸ್ಟೀರಿಂಗ್ ಬ್ರಾಕೆಟ್‌ಗಳು ಹೆಡ್‌ಗೇ ಬಿಗಿಯುತ್ತವೆ. ಹೆಡ್ ಕೂರಿಸಿ ಮುಗಿಸಿದ ಮೇಲೆ ಆಲ್ಟರ್ನೇಟರ್ ಕೈಯಲ್ಲಿ ಹಿಡಿದು ನಿಲ್ಲುವ ಪರಿಸ್ಥಿತಿ ಬೇಡ.

ನನ್ನ ಎಂಜಿನ್ನಲ್ಲಿ 882 ಇದೆ. ಬಿಸಾಕ್ಬೇಕಾ?

1970ರ ದಶಕದ ನಡುವಿನಿಂದ ಲಕ್ಷಗಟ್ಟಲೆ ಬಂದ ಹೆಡ್ ಇದು. 76 ಸಿಸಿ ಚೇಂಬರ್, 1.94/1.50 ವಾಲ್ವ್, ತೆಳು ಎರಕ, ಬಿರುಕಿಗೆ ಹೆಸರುವಾಸಿ. ಪರೀಕ್ಷೆಯಲ್ಲಿ ಪಾಸಾದರೆ ಸಾದಾ ಓಡಾಟಕ್ಕೆ ಇಟ್ಟುಕೊಳ್ಳಿ. ಆದರೆ ಅದರ ಮೇಲೆ ಹೊಸ ಸೀಟು, ಗೈಡು ಎಂದು ಹಣ ಸುರಿಯಬೇಡಿ. 624 (462624) ಇದಕ್ಕಿಂತಲೂ ಹಗುರ, ಅದನ್ನು ಬಿಟ್ಟೇಬಿಡಿ.

305ರ ಹೆಡ್ ಅಗ್ಗಕ್ಕೆ ಸಿಗ್ತಿದೆ. ಚೇಂಬರ್ ಚಿಕ್ಕದು, ಕಂಪ್ರೆಶನ್ ಏರತ್ತೆ ಅಂತಾರೆ. 350ಗೆ ಹಾಕ್ಲಾ?

ಕೂರುತ್ತದೆ, ಕಂಪ್ರೆಶನ್ನೂ (ಪಿಸ್ಟನ್ ಮಿಶ್ರಣವನ್ನು ಎಷ್ಟು ಪಟ್ಟು ಅದುಮುತ್ತದೆ ಎಂಬುದು) ಏರುತ್ತದೆ. 305ರ ಎರಕಗಳಲ್ಲಿ 416ರ ಚೇಂಬರ್ 58 ಸಿಸಿ, 601ರದ್ದು 53. ಸಪಾಟು ಪಿಸ್ಟನ್ ಇರುವ 350ಗೆ 58 ಸಿಸಿ ಹಾಕಿದರೆ 10.3 ಸಮೀಪ ಬರುತ್ತದೆ, ಕಬ್ಬಿಣದ ಹೆಡ್‌ಗೆ, ಬಂಕ್ ಪೆಟ್ರೋಲ್‌ಗೆ ಅದು ಜಾಸ್ತಿ. ಮೇಲಾಗಿ ಇಂಟೇಕ್ ವಾಲ್ವ್ 1.84 ಇಂಚು ಮಾತ್ರ. ಗುಂಡಿ ಪಿಸ್ಟನ್ ಇದ್ದು, 4,500 ಆರ್‌ಪಿಎಂ ದಾಟದ ಎಂಜಿನ್‌ಗಾದರೆ ಅಡ್ಡಿಯಿಲ್ಲ. ಬೇರೆಯವರಿಗೆ ಬೇಡ.

ಸೀಸ ಇಲ್ಲದ ಪೆಟ್ರೋಲ್‌ನಿಂದ ಹಳೇ ಹೆಡ್ ಸೀಟು ತಿಂದುಹೋಗತ್ತಾ?

ತಿನ್ನಬಹುದು, ಆದರೆ ಹೆದರಿಸುವಷ್ಟು ಬೇಗ ಅಲ್ಲ. ಸೀಸ ಎಕ್ಸಾಸ್ಟ್ ವಾಲ್ವ್ ಮತ್ತು ಸೀಟಿನ ನಡುವೆ ತೆಳು ಪದರವಾಗಿ ಕೂರುತ್ತಿತ್ತು. ಅದು ಇಲ್ಲದಿದ್ದಾಗ ಕಾದ ವಾಲ್ವ್ ಮೆತ್ತಗಿನ ಕಬ್ಬಿಣದ ಸೀಟಿಗೆ ಕ್ಷಣಮಾತ್ರ ಅಂಟಿ, ಪ್ರತಿ ಸಲ ಕಣದಷ್ಟು ಕಿತ್ತು ತರುತ್ತದೆ. ಹೈವೇನಲ್ಲಿ ಗಂಟೆಗಟ್ಟಲೆ ಭಾರ ಎಳೆದರೆ ಸವೆತ ಜೋರು. ಭಾನುವಾರ ಬೆಳಿಗ್ಗೆ ಒಂದು ಸುತ್ತು ಹೋಗಿ ಬರುವ ಕಾರಿಗೆ ವರ್ಷಗಟ್ಟಲೆ ಏನೂ ಆಗುವುದಿಲ್ಲ. 1970ರ ದಶಕದ ಆರಂಭದಿಂದ ಕಾರ್ಖಾನೆಯಲ್ಲೇ ಸೀಟನ್ನು ಕಾಯಿಸಿ ಗಟ್ಟಿ ಮಾಡುತ್ತಿದ್ದರು. ಆದರೆ ಆ ಗಟ್ಟಿ ಪದರ ತೆಳು, ಎರಡು ಮೂರು ಸಲ ಸೀಟ್ ಕಟಿಂಗ್ ಆದರೆ ಹೋಗಿರುತ್ತದೆ.

ಅಮೆರಿಕದಲ್ಲಿ ರಸ್ತೆ ವಾಹನಗಳಿಗೆ ಸೀಸದ ಪೆಟ್ರೋಲ್ 1996ರಿಂದ ಪೂರ್ತಿ ನಿಷಿದ್ಧ. ಹೇಗೂ ಸೀಟ್ ಕೆಲಸ ಮಾಡಿಸುವುದಿದ್ದರೆ ಎಕ್ಸಾಸ್ಟ್ ಕಡೆಗೆ ಗಟ್ಟಿ ಸೀಟ್ ರಿಂಗ್ ಕೂರಿಸಿ. ಸೀಟು ಚೆನ್ನಾಗಿದ್ದರೆ ಸುಮ್ಮನೆ ಕೆರೆಸಬೇಡಿ. ರಿಂಗ್‌ಗಾಗಿ ಕೊರೆಯುವಾಗ ಕಟರ್ ನೀರಿನ ಜಾಕೆಟ್‌ಗೆ ತಾಗಿದರೆ ಇದ್ದ ಹೆಡ್ಡೂ ಹೋಯಿತು.

## ಆಯ್ಕೆಯ ಲೆಕ್ಕಾಚಾರ

64 ಸಿಸಿನಾ, 76 ಸಿಸಿನಾ? ವ್ಯತ್ಯಾಸ ಎಷ್ಟು ಬರತ್ತೆ?

ಸುಮಾರು ಒಂದು ಪಾಯಿಂಟ್ ಕಂಪ್ರೆಶನ್. ಲೆಕ್ಕ ನೀವೇ ಮಾಡಬಹುದು. 30 ಥೌ ಓವರ್‌ಬೋರ್ ಆದ, ಅಂದರೆ ಬೋರ್ ಅಷ್ಟು ಅಗಲಿಸಿದ, 350 (ಜನ 355 ಅನ್ನುವುದು ಇದನ್ನೇ) ಒಂದು ಸಿಲಿಂಡರಿಗೆ 727.4 ಸಿಸಿ ಗುಡಿಸುತ್ತದೆ. ಉಳಿಯುವ ಜಾಗ ಹೀಗೆ: ಚೇಂಬರ್ 64, ಗ್ಯಾಸ್ಕೆಟ್ (4.100 ಇಂಚು ವ್ಯಾಸ, 41 ಥೌ ದಪ್ಪ) 8.9, ಪಿಸ್ಟನ್ 25 ಥೌ ಕೆಳಗಿರುವುದರಿಂದ 5.2, ಸಪಾಟು ಪಿಸ್ಟನ್‌ನ ವಾಲ್ವ್ ಕಚ್ಚುಗಳು 6. ಒಟ್ಟು 84.1. ಈಗ 727.4ಕ್ಕೆ 84.1 ಕೂಡಿಸಿ 84.1ರಿಂದ ಭಾಗಿಸಿದರೆ 9.65. ಇದೇ ಎಂಜಿನ್‌ಗೆ 76 ಸಿಸಿ ಹೆಡ್ ಹಾಕಿದರೆ 8.57. ಪಿಸ್ಟನ್ 12 ಸಿಸಿ ಗುಂಡಿಯದಾದರೆ 64 ಸಿಸಿಗೆ 9.07, 76ಕ್ಕೆ 8.12.

ಕಬ್ಬಿಣದ ಹೆಡ್, 91 ಆಕ್ಟೇನ್, ರಸ್ತೆಯ ಕ್ಯಾಮ್ ಇದ್ದರೆ 9.5ರ ಆಸುಪಾಸು ನೆಮ್ಮದಿ. ಉಬ್ಬು ಪಿಸ್ಟನ್ ಇರುವವರು 64 ಸಿಸಿ ಹಾಕಿದರೆ 11ರ ಹತ್ತಿರ ಹೋಗಿಬಿಡಬಹುದು. ಅವರಿಗೆ 76 ಸಿಸಿಯೇ ಸರಿ. ಭಾರತದಲ್ಲಿ ಲೆಕ್ಕ ಹಾಕುವವರು ಗಮನಿಸಿ: ಅಮೆರಿಕದ ಬಂಕಿನ 91 ನಮ್ಮಲ್ಲಿ ಬರೆಯುವ 95ಕ್ಕೆ ಹೆಚ್ಚುಕಡಿಮೆ ಸಮ, ಅಳೆಯುವ ಕ್ರಮ ಬೇರೆ.

ಇಲ್ಲಿ ಹೊಂಚು ಹಾಕಿ ಕೂತಿರುವ ತೊಂದರೆ ಒಂದಿದೆ. ಅಗ್ಗದ ರೀಬಿಲ್ಡ್ ಪಿಸ್ಟನ್‌ಗಳಲ್ಲಿ ಪಿನ್ನಿನಿಂದ ತಲೆಯವರೆಗಿನ ಎತ್ತರ 1.560 ಬದಲು 1.540 ಇಂಚು ಇರುತ್ತದೆ. ಆ 20 ಥೌ ಸೇರಿ ಪಿಸ್ಟನ್ 45 ಥೌ ಕೆಳಗುಳಿಯುತ್ತದೆ, ಮೇಲಿನ 9.65 ಸದ್ದಿಲ್ಲದೆ 9.24ಕ್ಕೆ ಇಳಿಯುತ್ತದೆ. ಪೆಟ್ಟಿಗೆಯ ಮೇಲಿನ ಅಂಕಿ ನೋಡಿ, ಆಮೇಲೆ ಡಯಲ್ ಗೇಜ್ ಇಟ್ಟು ಅಳೆಯಿರಿ.

ರನ್ನರ್ ದೊಡ್ಡದಿದ್ದಷ್ಟೂ ಪವರ್ ಜಾಸ್ತಿ ಅಲ್ವಾ? 220 ಸಿಸಿ ತಗೊಂಡ್ರೆ ಮುಂದಕ್ಕೂ ಆಗತ್ತೆ.

ಅಲ್ಲ. ರಸ್ತೆಯ ಕಾರಿನಲ್ಲಿ ಅತಿ ಹೆಚ್ಚು ಹಣ ಹಾಳಾಗುವುದು ಈ ಒಂದು ತಪ್ಪಿನಿಂದ. ಹೋಸ್ ಪೈಪಿನ ಬಾಯಿಗೆ ಹೆಬ್ಬೆರಳು ಅಡ್ಡ ಹಿಡಿದರೆ ನೀರು ದೂರ ಚಿಮ್ಮುವ ಹಾಗೆ, ಹದವಾದ ರನ್ನರ್‌ನಲ್ಲಿ ಗಾಳಿ ವೇಗ ಹಿಡಿದು ನುಗ್ಗುತ್ತದೆ. ಪಿಸ್ಟನ್ ತಳ ಮುಟ್ಟಿ ಮೇಲೆ ತಿರುಗಿದ ಮೇಲೂ ಆ ವೇಗಕ್ಕೆ ಒಳಗೆ ತುಂಬುತ್ತಲೇ ಇರುತ್ತದೆ. ರನ್ನರ್ ಅತಿ ದೊಡ್ಡದಾದರೆ ಕಡಿಮೆ ಆರ್‌ಪಿಎಂನಲ್ಲಿ ಗಾಳಿ ಸೋಮಾರಿಯಾಗುತ್ತದೆ, ಪೆಟ್ರೋಲ್ ಹನಿಗಳು ಗೋಡೆಗೆ ಬಿದ್ದು ಒದ್ದೆಯಾಗುತ್ತವೆ, ಸಿಗ್ನಲ್‌ನಿಂದ ಎತ್ತುವಾಗ ಪಿಕಪ್ ಇರುವುದಿಲ್ಲ.

350/355ಕ್ಕೆ ನಮ್ಮ ಅಂದಾಜು ಇದು. ಮೂಲ ಕ್ಯಾಮ್, 5,000 ಆರ್‌ಪಿಎಂ ಒಳಗಿನ ಓಡಾಟಕ್ಕೆ 160ರಿಂದ 170 ಸಿಸಿ. 50 ಥೌನಲ್ಲಿ 218ರಿಂದ 230 ಡಿಗ್ರಿ ಕ್ಯಾಮ್, 6,000ದವರೆಗೆ ಎಳೆಯುವ ಎಂಜಿನ್‌ಗೆ 180ರಿಂದ 195. 200 ದಾಟಬೇಕಾದರೆ 383 ಸ್ಟ್ರೋಕರ್ (ಸ್ಟ್ರೋಕ್ ಹೆಚ್ಚಿಸಿ 383 ಘನ ಇಂಚು ಮಾಡಿದ್ದು) ಇರಬೇಕು, ಇಲ್ಲವೇ 6,500ರ ಮೇಲೆ ತಿರುಗಿಸುವ ಉದ್ದೇಶ ಮತ್ತು ಅದಕ್ಕೆ ತಕ್ಕ 3.73ಕ್ಕಿಂತ ಹೆಚ್ಚಿನ ಆಕ್ಸಲ್. ಸ್ಟಾಕ್ (ಕಾರ್ಖಾನೆಯ) ಟಾರ್ಕ್ ಕನ್ವರ್ಟರ್‌ನ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇದ್ದರೆ ಅನುಮಾನ ಬಂದಾಗಲೆಲ್ಲ ಚಿಕ್ಕದನ್ನೇ ಆರಿಸಿ.

ಕಬ್ಬಿಣಾನಾ ಅಲ್ಯೂಮಿನಿಯಮ್ಮಾ?

ಹೊಸದು ಕೊಳ್ಳುವುದಾದರೆ ಅಲ್ಯೂಮಿನಿಯಮ್. ಪ್ರತಿ ಹೆಡ್‌ಗೆ ಸುಮಾರು 10 ಕಿಲೋ ಭಾರ ಕಡಿಮೆ, ಅದೂ ಮುಂದಿನ ಚಕ್ರಗಳ ಮೇಲಿನಿಂದ. ಎಳೆ ಹಾಳಾದರೆ, ಬಿರುಕು ಬಿಟ್ಟರೆ ಬೆಸುಗೆ ಹಾಕಿ ಸರಿಪಡಿಸಬಹುದು. ಶಾಖ ಬೇಗ ಬಿಟ್ಟುಕೊಡುವುದರಿಂದ ಅರ್ಧ ಪಾಯಿಂಟಿನಿಂದ ಒಂದು ಪಾಯಿಂಟ್‌ವರೆಗೆ ಹೆಚ್ಚು ಕಂಪ್ರೆಶನ್ ತಡೆಯುತ್ತದೆ. ಆ ಹೆಚ್ಚುವರಿ ಕಂಪ್ರೆಶನ್ ಕೊಡದೆ ಬರೀ ಅಲ್ಯೂಮಿನಿಯಮ್ ಹಾಕಿದರೆ ಲೋಹದಿಂದ ಬರುವ ಲಾಭ ಭಾರದ್ದು ಮಾತ್ರ. ಉಳಿದ ಲಾಭ ಪೋರ್ಟಿನ ಆಕಾರದ್ದು.

ಅಲ್ಯೂಮಿನಿಯಮ್‌ಗೆ ಕೆಲವು ಕಟ್ಟುಪಾಡುಗಳಿವೆ: ಬೋಲ್ಟ್ ತಲೆಯ ಕೆಳಗೆ ಗಟ್ಟಿ ವಾಷರ್ ಕಡ್ಡಾಯ, ಪ್ಲಗ್ ಎಳೆಗೆ ಆ್ಯಂಟಿ-ಸೀಜ್ ಒಂದು ತುಸು, ಎಂಜಿನ್ ಪೂರ್ತಿ ತಣ್ಣಗಾದ ಮೇಲೇ ಪ್ಲಗ್ ಬಿಚ್ಚಬೇಕು, ಬರೀ ಉಕ್ಕಿನ ತೆಳು ಶಿಮ್ ಗ್ಯಾಸ್ಕೆಟ್ ಹಾಕಕೂಡದು. ಪ್ಲಗ್ ಉದ್ದವೂ ಬೇರೆ, ಬಹುಪಾಲು ಮುಕ್ಕಾಲು ಇಂಚು. ಹಳೆಯ ಗಿಡ್ಡ ಪ್ಲಗ್ಗನ್ನೇ ಹಾಕಿದರೆ ಕಿಡಿ ತೂತಿನೊಳಗೇ ಉಳಿಯುತ್ತದೆ.

ವೋರ್ಟೆಕ್ ಹೆಡ್ ಅಗ್ಗಕ್ಕೆ ಸಿಗೋದ್ರಲ್ಲಿ ಬೆಸ್ಟ್ ಅಂತಾರೆ. ಏನಾದ್ರೂ ಕಿತಾಪತಿ ಇದ್ಯಾ?

1996ರಿಂದ ಷೆವಿ ಟ್ರಕ್, ವ್ಯಾನ್‌ಗಳ 5.7 ಲೀಟರ್ ಎಂಜಿನ್‌ನಲ್ಲಿ ಬಂದ 906, 062 ಎರಕಗಳ ಮಾತು ಇದು. 64 ಸಿಸಿ ಹೃದಯಾಕಾರದ ಚೇಂಬರ್, ಸುಮಾರು 170 ಸಿಸಿ ರನ್ನರ್, 1.94/1.50 ವಾಲ್ವ್. ಹರಿವು 220 ಸಿಎಫ್‌ಎಂಗೂ ಮೇಲೆ, 2.02 ವಾಲ್ವಿನ ಡಬಲ್ ಹಂಪನ್ನು ಇದು ಸಲೀಸಾಗಿ ಹಿಂದೆ ಹಾಕುತ್ತದೆ. ಹೊಗಳಿಕೆ ಸುಳ್ಳಲ್ಲ. ಆದರೆ ಹೆಡ್ ಬೆಲೆ ಮಾತ್ರ ನೋಡಿ ಅಗ್ಗ ಅನ್ನುವುದು ಅರ್ಧ ಲೆಕ್ಕ.

ಹಳೆಯ ಇಂಟೇಕ್ ಮ್ಯಾನಿಫೋಲ್ಡ್ ಕೂರುವುದಿಲ್ಲ. ಹಳೆಯದಕ್ಕೆ 12 ಬೋಲ್ಟ್, ವೋರ್ಟೆಕ್‌ಗೆ 8, ಪೋರ್ಟೂ ಎತ್ತರ. ವಾಲ್ವ್ ಕವರ್ ನಡುವೆ ಬೋಲ್ಟ್ ಇರುವಂಥದ್ದು ಬೇಕು. 1986ರವರೆಗಿನ ಅಂಚಿನ ಬೋಲ್ಟಿನ ಕವರ್ ಹೊಂದದು. ರಾಕರ್‌ಗಳು ತಾವೇ ವಾಲ್ವ್ ತುದಿ ಹಿಡಿದು ನಿಲ್ಲುವ ಬಗೆಯವು, ಹಳೆಯ ರಾಕರ್ ಹಾಕಿದರೆ ಪಕ್ಕಕ್ಕೆ ಜಾರುತ್ತದೆ. ಗೈಡ್ ಎತ್ತರ ಮತ್ತು ಸ್ಟಾಕ್ ರಿಟೇನರ್‌ನಿಂದಾಗಿ (ಸ್ಪ್ರಿಂಗನ್ನು ವಾಲ್ವ್‌ಗೆ ಹಿಡಿದಿಡುವ ಬಿಲ್ಲೆ) ಲಿಫ್ಟ್ 0.460–0.470 ಇಂಚಿಗೇ ನಿಲ್ಲುತ್ತದೆ. ಅದನ್ನು ಮೀರಿದ ಕ್ಯಾಮ್ ಹಾಕಿದರೆ ರಿಟೇನರ್ ಸೀಲಿಗೆ ಬಡಿದು ಸೀಲ್ ಪುಡಿಯಾಗುತ್ತದೆ, ಹೊಗೆ ಶುರು. ಇಂಟೇಕ್ ಬೋಲ್ಟ್ ಟಾರ್ಕ್ ಬರೀ 11 ಪೌಂಡ್-ಅಡಿ. ಹಳೇ ಅಭ್ಯಾಸದಲ್ಲಿ 30ಕ್ಕೆ ಎಳೆಯಬೇಡಿ.

ಇಂಟೇಕ್ ಕೆಳಗೆ ಬಿಸಿ ಹೊಗೆ ಹಾಯುವ ದಾರಿಯೂ ಇದರಲ್ಲಿಲ್ಲ. ಟೆಕ್ಸಾಸ್‌ನಲ್ಲಿ ಅದು ಒಳ್ಳೆಯದೇ. ಮಿಶಿಗನ್ ಚಳಿಯಲ್ಲಿ ಕಾರ್ಬ್ಯುರೇಟರ್ ಬೆಚ್ಚಗಾಗುವವರೆಗೆ ಎಂಜಿನ್ ಮುಕ್ಕರಿಯುತ್ತದೆ, ಎಲೆಕ್ಟ್ರಿಕ್ ಚೋಕ್ ಬೇಕೇ ಬೇಕು. ಗುಜರಿಯಿಂದ ತರುವ ವೋರ್ಟೆಕ್‌ಗಳಲ್ಲಿ ಒಮ್ಮೆ ಕಾದು ಬಿರುಕು ಬಿಟ್ಟವೂ ಸಾಕಷ್ಟು. ಪರೀಕ್ಷೆ ಮಾಡಿಸದೆ ತರಬೇಡಿ.

1.94 ವಾಲ್ವ್ ಸಾಕಾ, 2.02 ಹಾಕಿಸ್ಲಾ?

ಇರುವ ಹೆಡ್‌ಗೆ ವಾಲ್ವ್ ಮಾತ್ರ ದೊಡ್ಡದು ಮಾಡಿಸುವುದರಲ್ಲಿ ಅರ್ಥವಿಲ್ಲ. ಸೀಟಿನ ಕೆಳಗಿನ ಬೋಗುಣಿಯಂಥ ಭಾಗವನ್ನು ತಿದ್ದದಿದ್ದರೆ ಹರಿವು ಹೆಚ್ಚುವುದಿಲ್ಲ; ಅದನ್ನು ತಿದ್ದಿದರೆ 1.94ರಲ್ಲೇ ಒಳ್ಳೆಯ ಫಲ ಸಿಗುತ್ತದೆ. 350ರ 4 ಇಂಚು ಬೋರ್‌ಗೆ 2.02 ಹಿಡಿಸುತ್ತದೆ. 305ರ 3.736 ಬೋರ್‌ನಲ್ಲಿ ಅದು ಗೋಡೆಗೆ ಬಡಿಯುತ್ತದೆ.

ಎಲ್‌ಟಿ1 ಹೆಡ್, ಎಲ್‌ಎಸ್ ಹೆಡ್ ಹಳೇ 350ಗೆ ಆಗಲ್ವಾ?

ಆಗುವುದಿಲ್ಲ. 1992ರಿಂದ 97ರವರೆಗಿನ ಎಲ್‌ಟಿ1ರಲ್ಲಿ ನೀರು ಮೊದಲು ಹೆಡ್‌ಗೆ, ಆಮೇಲೆ ಬ್ಲಾಕಿಗೆ ಹೋಗುತ್ತದೆ, ದಾರಿಯೇ ಉಲ್ಟಾ. 1970ರ ಎಲ್‌ಟಿ-1 ಬೇರೆ, ಅದು ನಿಮ್ಮ ಎಂಜಿನ್‌ನ ಅಣ್ಣತಮ್ಮನೇ. ಹೆಸರು ನೋಡಿ ಮೋಸ ಹೋಗಬೇಡಿ. ಎಲ್‌ಎಸ್ ಆಮೇಲೆ ಬಂದ ಬೇರೆ ಎಂಜಿನ್ ಕುಟುಂಬ, ಅದರ ಹೆಡ್‌ನ ಬೋಲ್ಟ್ ಜಾಗಗಳೇ ಬೇರೆ.

ಕಾರು ಮ್ಯಾಚಿಂಗ್ ನಂಬರ್ಸ್, ಅಂದ್ರೆ ಕಾರ್ಖಾನೆಯಿಂದ ಬಂದ ಮೂಲ ಎಂಜಿನ್ನೇ ಇದೆ. ಹೆಡ್ ಬದಲಿಸಿದ್ರೆ ಬೆಲೆ ಬಿದ್ದುಹೋಗತ್ತಾ?

ಮೂಲ ಹೆಡ್‌ಗಳನ್ನು ಎಣ್ಣೆ ಸವರಿ, ಸುತ್ತಿ, ಒಣ ಜಾಗದಲ್ಲಿ ಇಟ್ಟರೆ ಬೀಳುವುದಿಲ್ಲ. ಮಾರುವಾಗ ಜೊತೆಗೆ ಕೊಡಿ. ಹೆಡ್ ಮೇಲೆ ಕಾರಿನ ಸಂಖ್ಯೆ ಇರುವುದಿಲ್ಲ, ನೋಡುವವರು ಎರಕದ ಸಂಖ್ಯೆ ಮತ್ತು ದಿನಾಂಕ ನೋಡುತ್ತಾರೆ. ದಿನಾಂಕ ಕಾರು ತಯಾರಾದ ದಿನಕ್ಕಿಂತ ಮುಂಚಿನದಾಗಿರಬೇಕು. ನಿಜವಾದ ಅಪಾಯ ಇರುವುದು ಬ್ಲಾಕಿನಲ್ಲಿ. ಬಲಗಡೆಯ ಹೆಡ್‌ನ ಮುಂದೆ ಬ್ಲಾಕಿನ ಮೇಲೆ ಚಿಕ್ಕ ಪಟ್ಟಿಯಲ್ಲಿ ಎಂಜಿನ್ ಸಂಖ್ಯೆ ಗುದ್ದಿರುತ್ತಾರೆ. ಮುಖ ಸಾಣೆ ಹಿಡಿಸಿದರೆ ಅದೂ ಅಳಿಸಿಹೋಗುತ್ತದೆ. ‘ಈ ಪಟ್ಟಿ ಮುಟ್ಟಬೇಡಿ’ ಎಂದು ವರ್ಕ್ ಆರ್ಡರ್‌ನಲ್ಲಿ ಬರೆಸಿ, ಬಾಯಲ್ಲಿ ಹೇಳಿದರೆ ಸಾಲದು.

ಕ್ಯಾಲಿಫೋರ್ನಿಯಾದಲ್ಲಿದ್ದೀನಿ. ಸ್ಮಾಗ್ ಟೆಸ್ಟ್ ತೊಂದರೆ ಆಗತ್ತಾ?

1975 ಅಥವಾ ಅದಕ್ಕಿಂತ ಹಳೆಯ ಮಾಡೆಲ್ ಆದರೆ ಸ್ಮಾಗ್ (ಹೊಗೆ) ಪರೀಕ್ಷೆಯಿಂದ ವಿನಾಯಿತಿ ಇದೆ. 1976ರಿಂದ ಈಚಿನದಾದರೆ ಆ ರಾಜ್ಯದ ಅನುಮೋದನೆ ಸಂಖ್ಯೆ ಇರುವ ಹೆಡ್ಡನ್ನೇ ಕೊಳ್ಳಿ.

## ಲೇತ್, ಅಳತೆ, ಜೋಡಣೆ

ಹಳೇ ಹೆಡ್ ಕೊಳ್ಳೋವಾಗ ಅಲ್ಲೇ ನಿಂತು ಏನು ನೋಡ್ಬೇಕು?

ಟಾರ್ಚ್, ನೆಟ್ಟನೆಯ ಉಕ್ಕಿನ ಪಟ್ಟಿ, ಫೀಲರ್ ಗೇಜ್ ಒಯ್ಯಿರಿ. ಚೇಂಬರಿನಲ್ಲಿ ಎರಡು ವಾಲ್ವ್‌ಗಳ ನಡುವಿನ ಸಣ್ಣ ಸೇತುವೆ ನೋಡಿ, ಕೂದಲೆಳೆಯ ಬಿರುಕು ಮೊದಲು ಕಾಣುವುದು ಅಲ್ಲಿ, ಆಮೇಲೆ ಎಕ್ಸಾಸ್ಟ್ ಸೀಟಿನಿಂದ ಪ್ಲಗ್ ತೂತಿನ ಕಡೆಗೆ. ಒಂದೇ ಒಂದು ಚೇಂಬರ್ ತೊಳೆದಿಟ್ಟಂತೆ ಬೆಳ್ಳಗಿದ್ದರೆ ಅಲ್ಲಿಗೆ ನೀರು ಇಳಿಯುತ್ತಿತ್ತು ಎಂದರ್ಥ. ಪಟ್ಟಿಯನ್ನು ಉದ್ದಕ್ಕೂ ಮೂಲೆಯಿಂದ ಮೂಲೆಗೂ ಇಟ್ಟು 4 ಥೌ ಫೀಲರ್ ತೂರುತ್ತದಾ ನೋಡಿ. ವಾಲ್ವ್ ಸ್ವಲ್ಪ ತೆರೆದು ಅಲ್ಲಾಡಿಸಿ. ಕಣ್ಣಿಗೆ ಕಾಣುವಷ್ಟು ಪಕ್ಕಕ್ಕೆ ಸರಿದರೆ ಗೈಡ್ ಮುಗಿದಿದೆ. ಹೊಸದರಲ್ಲಿ ಕಾಂಡದ ಸಡಿಲ 1ರಿಂದ 3 ಥೌ ಮಾತ್ರ.

ಮಾರುವವರು ‘ಚೆಕ್ ಮಾಡಿಸಿದೆ’ ಅಂದರೆ ಮೆಷೀನ್ ಶಾಪಿನ ಚೀಟಿ ಕೇಳಿ. ಕಬ್ಬಿಣಕ್ಕೆ ಮ್ಯಾಗ್ನಾಫ್ಲಕ್ಸ್ (ಕಾಂತದಿಂದ ಬಿರುಕು ಹುಡುಕುವ ಪರೀಕ್ಷೆ), ಅಲ್ಯೂಮಿನಿಯಮ್‌ಗೆ ಬಣ್ಣದ ದ್ರವ ಪರೀಕ್ಷೆ, ಎರಡಕ್ಕೂ ಪ್ರೆಶರ್ ಟೆಸ್ಟ್.

ಆನ್‌ಲೈನಲ್ಲಿ ಅರ್ಧ ಬೆಲೆಗೆ ಹೆಸರಿಲ್ಲದ ಅಲ್ಯೂಮಿನಿಯಮ್ ಹೆಡ್ ಬರತ್ತೆ, ತಗೊಂಡ್ರೆ?

ಕೊಂಡರೆ ಖಾಲಿ ಎರಕ ಕೊಂಡಿದ್ದೇನೆ ಎಂದೇ ತಿಳಿದುಕೊಳ್ಳಿ. ಪೂರ್ತಿ ಬಿಚ್ಚಿ ಗೈಡ್ ಸಡಿಲ, ಸೀಟಿನ ಕೇಂದ್ರ, ಸ್ಪ್ರಿಂಗ್ ಒತ್ತಡ ಅಳೆಸಬೇಕು, ಒಳಗೆ ಉಳಿದ ಮರಳು, ಲೋಹದ ಚೂರು ತೊಳೆಯಬೇಕು. ಈ ಕೂಲಿ ಸೇರಿಸಿದರೆ ಉಳಿತಾಯ ಕರಗುತ್ತದೆ.

ಹೆಡ್ ಸಾಣೆ ಹಿಡಿಸಿ ಕಂಪ್ರೆಶನ್ ಏರಿಸ್ಬಹುದಾ?

64 ಸಿಸಿ ಚೇಂಬರಿನಲ್ಲಿ ಒಂದು ಸಿಸಿ ಇಳಿಸಲು ಸುಮಾರು 6ರಿಂದ 7 ಥೌ ತೆಗೆಯಬೇಕು. 20 ಥೌ ತೆಗೆದರೆ ಮೂರು ಸಿಸಿ, ಅಷ್ಟೇ. 76ನ್ನು 64 ಮಾಡುತ್ತೇವೆ ಅನ್ನುವುದು ಆಗದ ಮಾತು. 20 ಥೌ ದಾಟಿದರೆ ಇಂಟೇಕ್ ಮುಖವನ್ನೂ ತಕ್ಕಷ್ಟು ತೆಗೆಯಬೇಕು; ಇಲ್ಲದಿದ್ದರೆ ಮ್ಯಾನಿಫೋಲ್ಡ್ ಬೋಲ್ಟ್‌ಗಳು ತೂತಿಗೆ ಸಿಗುವುದಿಲ್ಲ, ಪೋರ್ಟಿನ ತಳದಿಂದ ಗಾಳಿಯೂ ಎಣ್ಣೆಯೂ ಎಳೆಯುತ್ತದೆ. ಕಾರ್ಬ್ಯುರೇಟರ್ ಎಷ್ಟು ತಿರುವಿದರೂ ಐಡಲ್ ನಿಲ್ಲದ ಎಂಜಿನ್‌ಗಳಲ್ಲಿ ಕೆಲವಕ್ಕೆ ಇದೇ ಕಾರಣ.

ಕ್ವೆಂಚ್ ಅಂತ ಏನೋ ಹೇಳ್ತಾರೆ. ಅದಕ್ಕೆ ಅಷ್ಟು ಮಹತ್ವ ಯಾಕೆ?

ಪಿಸ್ಟನ್ ಮೇಲೆ ಬಂದಾಗ ಅದರ ಸಪಾಟು ಭಾಗಕ್ಕೂ ಹೆಡ್‌ನ ಸಪಾಟು ಭಾಗಕ್ಕೂ ಉಳಿಯುವ ಸಂದು ಕ್ವೆಂಚ್. ಸಂದು 40 ಥೌ ಇದ್ದರೆ ಅಲ್ಲಿನ ಮಿಶ್ರಣ ಒತ್ತಿ ಪ್ಲಗ್ ಕಡೆಗೆ ಚಿಮ್ಮುತ್ತದೆ, ಕಲಸಿಕೊಳ್ಳುತ್ತದೆ, ಬೇಗ ಉರಿಯುತ್ತದೆ. ಮೂಲೆಯಲ್ಲಿ ತಾನಾಗಿ ಹೊತ್ತಿಕೊಳ್ಳುವ ಮಿಶ್ರಣವೇ ಉಳಿಯುವುದಿಲ್ಲ. 60, 80 ಥೌ ಆದರೆ ಈ ಕೆಲಸ ನಡೆಯುವುದಿಲ್ಲ. ಕಂಪ್ರೆಶನ್ ಕಡಿಮೆ ಇದ್ದೂ ನಾಕಿಂಗ್ ಮಾಡುವ ಎಂಜಿನ್‌ಗಳ ಗುಟ್ಟು ಬಹಳ ಸಲ ಇದು.

ಕಾರ್ಖಾನೆಯ 25 ಥೌ ಡೆಕ್‌ಗೆ (ಬ್ಲಾಕಿನ ಮುಖಕ್ಕಿಂತ ಪಿಸ್ಟನ್ ಕೆಳಗುಳಿಯುವ ಅಳತೆ) 41 ಥೌ ಗ್ಯಾಸ್ಕೆಟ್ ಹಾಕಿದರೆ ಸಂದು 66. ಕಬ್ಬಿಣದ ಹೆಡ್‌ಗೆ 15 ಥೌ ಉಕ್ಕಿನ ಶಿಮ್ ಗ್ಯಾಸ್ಕೆಟ್ ಹಾಕಿದರೆ ಸರಿಯಾಗಿ 40, ಆದರೆ 64 ಸಿಸಿಯಲ್ಲಿ ಕಂಪ್ರೆಶನ್ 10.27ಕ್ಕೆ ಏರುತ್ತದೆ. ಅದನ್ನು ಚೇಂಬರಲ್ಲೋ ಪಿಸ್ಟನ್ ಕಚ್ಚಿನಲ್ಲೋ ಸರಿದೂಗಿಸಿ, ದಪ್ಪ ಗ್ಯಾಸ್ಕೆಟ್‌ನಿಂದ ಬೇಡ. ಅಲ್ಯೂಮಿನಿಯಮ್ ಇದ್ದರೆ ಡೆಕ್ಕನ್ನೇ ಸೊನ್ನೆಗೆ ಇಳಿಸಿ 40 ಥೌ ಗ್ಯಾಸ್ಕೆಟ್ ಹಾಕುವುದು ಅಚ್ಚುಕಟ್ಟು. 35ಕ್ಕಿಂತ ಕಡಿಮೆ ಮಾಡಬೇಡಿ. ಬಿಸಿಯಲ್ಲಿ ರಾಡ್ ಹಿಗ್ಗಿದಾಗ ಪಿಸ್ಟನ್ ಹೆಡ್‌ಗೆ ಮುತ್ತಿಡುತ್ತದೆ.

ಹೊಸ ಹೆಡ್‌ಗೆ ಸ್ಪ್ರಿಂಗ್ ಬಂದಿದ್ಯಲ್ಲ, ಅದೇ ಸಾಕಲ್ವಾ?

ಕ್ಯಾಮ್ ಕಾರ್ಡ್ ಮುಂದಿಟ್ಟುಕೊಂಡು ಉತ್ತರಿಸಬೇಕಾದ ಪ್ರಶ್ನೆ. ಸಾದಾ ಹೈಡ್ರಾಲಿಕ್ ಫ್ಲ್ಯಾಟ್ ಟ್ಯಾಪೆಟ್ (ಚಪ್ಪಟೆ ತಳದಿಂದ ಕ್ಯಾಮ್ ಮೇಲೆ ಉಜ್ಜುತ್ತ ಏಳುವ ತುಂಡು) ಕ್ಯಾಮ್‌ಗೆ ವಾಲ್ವ್ ಮುಚ್ಚಿದಾಗ 100ರಿಂದ 120 ಪೌಂಡ್ ಒತ್ತಡ ಸಾಕು. ರೋಲರ್‌ಗೆಂದು ಕಟ್ಟಿದ 140 ಪೌಂಡಿನ ಸ್ಪ್ರಿಂಗ್ ಅದರ ಮೇಲೆ ಹಾಕಿದರೆ ಕ್ಯಾಮ್ ಲೋಬ್ ಸವೆದು ದುಂಡಾಗುತ್ತದೆ. ಪೂರ್ತಿ ತೆರೆದಾಗ ಸುರುಳಿಗಳ ನಡುವೆ ಒಟ್ಟು 60 ಥೌ, ರಿಟೇನರ್‌ಗೂ ಸೀಲಿಗೂ 50 ಥೌ ಉಳಿಯಬೇಕು.

ಹಳೆಯ ಹೆಡ್‌ನ ರಾಕರ್ ಸ್ಟಡ್‌ಗಳು ಎಳೆಯಿಲ್ಲದೆ ಒತ್ತಿ ಕೂರಿಸಿದವು. ಗಟ್ಟಿ ಸ್ಪ್ರಿಂಗ್ ಹಾಕಿದರೆ ನಿಧಾನಕ್ಕೆ ಮೇಲೆದ್ದು ಬರುತ್ತವೆ. ಒಂದು ವಾಲ್ವ್ ಮಾತ್ರ ಪದೇ ಪದೇ ಸಡಿಲವಾಗಿ ಟಕಟಕ ಅನ್ನುತ್ತಿದ್ದರೆ ಅನುಮಾನ ಇಲ್ಲಿಗೇ ಬರಲಿ. ಸ್ಕ್ರೂ-ಇನ್ ಸ್ಟಡ್ ಮತ್ತು ಗೈಡ್ ಪ್ಲೇಟ್ ಹಾಕಿಸಿದರೆ ಗಟ್ಟಿ ಪುಶ್‌ರಾಡ್ ಬೇಕು. ಗೈಡ್ ಪ್ಲೇಟೂ, ತಾನೇ ಹಿಡಿದು ನಿಲ್ಲುವ ರಾಕರೂ ಒಟ್ಟಿಗೆ ಬೇಡ. ಒಂದನ್ನೊಂದು ಎಳೆದಾಡಿ ಎರಡೂ ತಿನ್ನುತ್ತವೆ.

ಹಳೇ ಪುಶ್‌ರಾಡೇ ಹಾಕ್ಬಹುದಲ್ವಾ?

ಸ್ಟಾಕ್ ಉದ್ದ ಸುಮಾರು 7.8 ಇಂಚು. ಹೊಸ ಹೆಡ್‌ನಲ್ಲಿ ವಾಲ್ವ್ 100 ಥೌ ಉದ್ದವಿರಬಹುದು, ಗ್ಯಾಸ್ಕೆಟ್ ದಪ್ಪ ಬದಲಾಗಿರಬಹುದು. ವಾಲ್ವ್ ತುದಿಗೆ ಮಾರ್ಕರ್ ಬಳಿದು, ಹೊಂದಿಸಬಹುದಾದ ಪುಶ್‌ರಾಡ್ ಹಾಕಿ ಎಂಜಿನ್ ಕೈಯಲ್ಲಿ ಎರಡು ಸುತ್ತು ತಿರುಗಿಸಿ. ಉಜ್ಜಿದ ಗುರುತು ಕಿರಿದಾಗಿ, ತುದಿಯ ನಡುವೆ ಬಂದರೆ ಅದೇ ನಿಮ್ಮ ಉದ್ದ. ಅಂಚಿಗೆ ಬಂದರೆ ಗೈಡ್ ಒಂದೇ ಕಡೆ ಸವೆಯುತ್ತದೆ.

ವಾಲ್ವ್ ಪಿಸ್ಟನ್‌ಗೆ ಬಡಿಯಲ್ಲ ಅಂತ ಖಾತ್ರಿ ಮಾಡ್ಕೊಳ್ಳೋದು ಹೇಗೆ?

ಪಿಸ್ಟನ್ ಕಚ್ಚುಗಳ ಮೇಲೆ ಎಣ್ಣೆ ಸವರಿದ ಮಕ್ಕಳ ಜೇಡಿ ಅಂಟಿಸಿ, ಬಳಸಿದ ಗ್ಯಾಸ್ಕೆಟ್ ಇಟ್ಟು ಹೆಡ್ ಬಿಗಿದು, ಹೈಡ್ರಾಲಿಕ್ ಬದಲು ಗಟ್ಟಿ ಟ್ಯಾಪೆಟ್ ಹಾಕಿ ಎರಡು ಸುತ್ತು ತಿರುಗಿಸಿ. ಬಿಚ್ಚಿ, ಜೇಡಿಯನ್ನು ಬ್ಲೇಡಿನಿಂದ ಸೀಳಿ ಅತಿ ತೆಳುವಾದ ಜಾಗ ಅಳೆಯಿರಿ. ಇಂಟೇಕ್‌ಗೆ 80 ಥೌ, ಎಕ್ಸಾಸ್ಟ್‌ಗೆ 100 ಥೌ ಇರಲೇಬೇಕು. ಅತಿ ಹತ್ತಿರ ಬರುವುದು ಪಿಸ್ಟನ್ ತುದಿ ಮುಟ್ಟುವ ಸುಮಾರು 10 ಡಿಗ್ರಿ ಮೊದಲು ಎಕ್ಸಾಸ್ಟ್, 10 ಡಿಗ್ರಿ ನಂತರ ಇಂಟೇಕ್.

ಹರಿವಿನ ಅಂಕಿ ನೋಡಿ ಹಾರ್ಸ್‌ಪವರ್ ಹೇಳ್ಬಹುದಾ?

28 ಇಂಚು ನೀರಿನ ಒತ್ತಡದಲ್ಲಿ ಅಳೆದ ಸಿಎಫ್‌ಎಂ ಅನ್ನು 0.257ರಿಂದಲೂ ಸಿಲಿಂಡರ್ ಸಂಖ್ಯೆಯಿಂದಲೂ ಗುಣಿಸಿದರೆ ಗರಿಷ್ಠ ಸಾಧ್ಯತೆ ಸಿಗುತ್ತದೆ: 200ಕ್ಕೆ 411, 230ಕ್ಕೆ 473. ಎಲ್ಲವೂ ಹೊಂದಿದಾಗಿನ ಮೇಲ್ಮಿತಿ ಅದು. ರಸ್ತೆಯ ಎಂಜಿನ್ ಅಷ್ಟು ಮುಟ್ಟುವುದಿಲ್ಲ. ಜಾಹೀರಾತಿನಲ್ಲಿ 600 ಥೌ ಲಿಫ್ಟಿನ ಅಂಕಿ ದೊಡ್ಡದಾಗಿ ಹಾಕಿರುತ್ತಾರೆ. ನಿಮ್ಮ ಕ್ಯಾಮ್ 460ಕ್ಕೇ ನಿಲ್ಲುವುದಾದರೆ ಆ ಅಂಕಿ ನಿಮಗೆ ಸಂಬಂಧವಿಲ್ಲ. 200, 300, 400 ಥೌ ಸಾಲು ಹೋಲಿಸಿ. ವಾಲ್ವ್ ಆ ಎತ್ತರಗಳನ್ನು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಹಾಯುತ್ತದೆ.

ನನ್ನದು 400 ಬ್ಲಾಕ್. 350ರ ಹೆಡ್ ನೇರ ಹಾಕ್ಬಹುದಾ?

ಸ್ಟೀಮ್ ತೂತು ಕೊರೆಯದೆ ಹಾಕಬಾರದು. 400ರಲ್ಲಿ ಸಿಲಿಂಡರ್‌ಗಳು ಒಂದಕ್ಕೊಂದು ಅಂಟಿಕೊಂಡಿವೆ, ನಡುವೆ ನೀರಿಲ್ಲ. ಅಲ್ಲಿ ಏಳುವ ಹಬೆ ಹೆಡ್‌ಗೆ ಹೋಗಲು ದಾರಿ ಬೇಕು. 400ರ ಗ್ಯಾಸ್ಕೆಟ್ಟನ್ನೇ ಅಚ್ಚಾಗಿ ಇಟ್ಟು ಗುರುತು ಹಾಕಿ ಕೊರೆಸಿ.

ಬೋಲ್ಟ್ ಬಿಗಿಯೋ ಕ್ರಮ ಹೇಳಿ. ಆಮೇಲೆ ಮತ್ತೆ ಬಿಗಿಯಬೇಕಾ?

ಪ್ರತಿ ಹೆಡ್‌ಗೆ 17 ಬೋಲ್ಟ್: 7 ಉದ್ದ, 2 ಮಧ್ಯಮ, 8 ಗಿಡ್ಡ. ಈ ಎಂಜಿನ್‌ನಲ್ಲಿ ಬೋಲ್ಟ್ ತೂತುಗಳು ನೀರಿನ ಜಾಕೆಟ್‌ಗೆ ತೆರೆದಿವೆ. ಎಳೆಗೆ ಸೀಲರ್ ಹಚ್ಚದಿದ್ದರೆ ನೀರು ಎಳೆ ಹತ್ತಿ ಬಂದು ಎಣ್ಣೆಗೆ ಸೇರುತ್ತದೆ, ಜನ ಗ್ಯಾಸ್ಕೆಟ್ ಹೋಯಿತು ಅಂದುಕೊಂಡು ಹೆಡ್ ಮತ್ತೆ ಬಿಚ್ಚುತ್ತಾರೆ. ಬೋಲ್ಟ್ ತಲೆಯ ಕೆಳಗೆ ಎಣ್ಣೆ, ಎಳೆಗೆ ಸೀಲರ್. ಬ್ಲಾಕಿನ ಎಳೆಗಳನ್ನು ಮೊದಲು 7/16-14 ಚೇಸರ್ ಹಾಕಿ ಸ್ವಚ್ಛ ಮಾಡಿ. ನಡುವಿನಿಂದ ಸುರುಳಿಯಾಗಿ ಹೊರಗೆ ಬರುತ್ತ 25, 45, 65 ಪೌಂಡ್-ಅಡಿ, ಮೂರು ಸುತ್ತು. ಹೆಡ್ ತಯಾರಕರ ಹಾಳೆಯಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಪಾಲಿಸಿ.

ಫ್ಲ್ಯಾಟ್ ಟ್ಯಾಪೆಟ್ ಕ್ಯಾಮ್ ಹೊಸದಾಗಿದ್ದು ಸ್ಪ್ರಿಂಗ್ ಜೋಡಿ ಸುರುಳಿಯದಾದರೆ, ಮೊದಲ 20 ನಿಮಿಷ 2,000ದಿಂದ 2,500 ಆರ್‌ಪಿಎಂನಲ್ಲಿ ಪಳಗಿಸುವಾಗ ಒಳಗಿನ ಸುರುಳಿ ತೆಗೆದಿಡಿ, ಸತುವಿನ ಅಂಶವಿರುವ ಬ್ರೇಕ್-ಇನ್ ಎಣ್ಣೆ ಹಾಕಿ. ಕಾಂಪೊಸಿಟ್ ಗ್ಯಾಸ್ಕೆಟ್‌ಗಳಲ್ಲಿ ಬಹುಪಾಲಿಗೆ ಮರುಬಿಗಿತ ಬೇಡ, ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ಉಕ್ಕಿನ ಶಿಮ್ ಹಾಕಿದವರು ಎಂಜಿನ್ ಒಮ್ಮೆ ಪೂರ್ತಿ ಬಿಸಿಯಾಗಿ ತಣ್ಣಗಾದ ಮೇಲೆ ಅದೇ ಕ್ರಮದಲ್ಲಿ, ಒಂದೊಂದೇ ಬೋಲ್ಟನ್ನು ಕಾಲು ಸುತ್ತು ಸಡಿಲಿಸಿ ಮತ್ತೆ 65ಕ್ಕೆ ತರಬೇಕು. ಎಲ್ಲವನ್ನೂ ಒಟ್ಟಿಗೆ ಸಡಿಲಿಸಿದರೆ ಗ್ಯಾಸ್ಕೆಟ್ ಹೊಸದೇ ಹಾಕಬೇಕಾಗುತ್ತದೆ.